ಲೂಪಸ್ ಇದ್ದರೆ ಆಟವೇ ಬೇಡವೆ?

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳಿ. ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಿ. ಈಗ ಕೈ ಊರದೆ ಎದ್ದು ನಿಲ್ಲಿ. ಹನ್ನೆರಡು ವರ್ಷದ ಮಕ್ಕಳಿಗೆ ಇದೊಂದು ಆಟ, ಅಪ್ಪ ಅಮ್ಮಂದಿರಿಗೆ ಸ್ವಲ್ಪ ಕಷ್ಟ, ಅಜ್ಜ ಅಜ್ಜಿಯರಿಗೆ ಬಹಳ ಕಷ್ಟ. ಈ ಒಂದೇ ಕ್ರಿಯೆಯಲ್ಲಿ ತೊಡೆ, ಸೊಂಟ, ಬೆನ್ನು ಮತ್ತು ಹೊಟ್ಟೆಯ ದೊಡ್ಡ ಸ್ನಾಯುಗಳೆಲ್ಲ ಒಟ್ಟಾಗಿ ಸಂಕುಚಿಸಿ, ಇಡೀ ದೇಹದ ಭಾರವನ್ನು ಗುರುತ್ವಾಕರ್ಷಣೆಗೆ ಎದುರಾಗಿ ಮೇಲಕ್ಕೆತ್ತಬೇಕಾಗುತ್ತದೆ.

ಕೆಲವು ಮಕ್ಕಳು ಹೀಗೆ ಏಳಲಾರರು. ಮೊಣಕಾಲಿನ ಮೇಲೆ ಕೈ ಇಟ್ಟು, ತಮ್ಮ ತೊಡೆಗಳನ್ನೇ ಏಣಿ ಮಾಡಿಕೊಂಡು ಏಳುತ್ತಾರೆ. ಬಸ್ಸಿನ ಎತ್ತರದ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ಮೈಯನ್ನು ಎಳೆದುಕೊಳ್ಳುತ್ತಾರೆ. ತಲೆ ಬಾಚಿಕೊಳ್ಳುವಷ್ಟರಲ್ಲಿ ತೋಳು ಸೋಲುತ್ತದೆ. ಮನೆಯಲ್ಲಿ ಇದಕ್ಕೆ 'ಸೋಮಾರಿತನ' ಎಂದು ಹೆಸರಿಡುವುದು ಸುಲಭ. ನಿಜವಾದ ಕಾರಣಗಳು ಹಲವು ಇರಬಹುದು. ರಕ್ತಹೀನತೆ, 'ಡಿ' ಜೀವಸತ್ವದ ಕೊರತೆ, ಸ್ನಾಯುಗಳದೇ ಆದ ರೋಗಗಳು, ಹೀಗೆ. ಅವುಗಳಲ್ಲಿ ಒಂದು, ನಮ್ಮ ಕಡೆ ಅಷ್ಟಾಗಿ ಹೆಸರು ಕೇಳದ ಲೂಪಸ್. ಈ ರೋಗವಿರುವ ಮಕ್ಕಳ ಸ್ನಾಯುಬಲ ಏಕೆ ಕುಗ್ಗುತ್ತದೆ, ಅದನ್ನು ಮರಳಿ ಪಡೆಯುವುದು ಹೇಗೆ ಎಂಬುದು ಈ ವಾರದ ವಿಷಯ.

ಕಾವಲುಗಾರನೇ ಮನೆಯವರ ಮೇಲೆ ಬಿದ್ದಾಗ

ಹೊರಗಿನಿಂದ ಬರುವ ಬ್ಯಾಕ್ಟೀರಿಯಾ, ವೈರಸ್‌ಗಳನ್ನು ಹೊಡೆದೋಡಿಸಲು ನಮ್ಮ ದೇಹದಲ್ಲಿ ಒಂದು ರಕ್ಷಣಾ ವ್ಯವಸ್ಥೆ ಇದೆ. ಅದರ ಆಯುಧಗಳಲ್ಲಿ ಮುಖ್ಯವಾದವು ಪ್ರತಿಕಾಯಗಳು. ಲೂಪಸ್‌ನಲ್ಲಿ ಈ ವ್ಯವಸ್ಥೆಗೆ ತನ್ನವರು ಯಾರು, ಹೊರಗಿನವರು ಯಾರು ಎಂಬ ಗುರುತು ತಪ್ಪುತ್ತದೆ. ದೇಹದ ಸ್ವಂತ ಜೀವಕೋಶಗಳ ಕೇಂದ್ರದಲ್ಲಿರುವ ವಸ್ತುಗಳ ವಿರುದ್ಧವೇ ಪ್ರತಿಕಾಯಗಳು ತಯಾರಾಗುತ್ತವೆ. ಪರಿಣಾಮವಾಗಿ ಚರ್ಮ, ಕೀಲು, ಮೂತ್ರಪಿಂಡ, ರಕ್ತ, ಹೃದಯ ಮತ್ತು ಶ್ವಾಸಕೋಶದ ಹೊದಿಕೆ, ಕೆಲವೊಮ್ಮೆ ಮಿದುಳು, ಎಲ್ಲಿ ಬೇಕಾದರೂ ಉರಿಯೂತ ಉಂಟಾಗಬಹುದು.

ಲೂಪಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತೋಳ. ಮುಖದ ಮೇಲಿನ ಗಾಯಗಳು ತೋಳ ಕಚ್ಚಿದಂತೆ ಕಂಡವೆಂದು ಹಳೆಯ ಕಾಲದ ವೈದ್ಯರು ಈ ಹೆಸರಿಟ್ಟರು. ಮೂಗಿನ ಮೇಲಿಂದ ಎರಡೂ ಕೆನ್ನೆಗಳಿಗೆ ಚಿಟ್ಟೆಯ ರೆಕ್ಕೆಯಂತೆ ಹರಡುವ ಕೆಂಪು ಕಲೆ ಇದರ ಪ್ರಸಿದ್ಧ ಗುರುತು. ಆದರೆ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮದಲ್ಲಿ ಅದು ಕೆಂಪಾಗಿ ಕಾಣದೆ ಕಂದಾಗಿ ಕಾಣಬಹುದು. ಮನೆಯವರು 'ಬಂಗು' ಎಂದುಕೊಂಡು ಮುಲಾಮು ಹಚ್ಚುತ್ತಾರೆ. ಬಿಟ್ಟೂ ಬಿಡದ ಜ್ವರ, ಕೀಲುನೋವು ಬಂದರೆ ಚಿಕೂನ್‌ಗುನ್ಯಾ ಇರಬೇಕು ಎಂದುಕೊಳ್ಳುತ್ತಾರೆ. ಕೂದಲು ಉದುರುವುದು, ಬಾಯಿಹುಣ್ಣು, ಕಾಲು ಮತ್ತು ಕಣ್ಣಿನ ಸುತ್ತ ಬಾವು, ವಿಪರೀತ ಆಯಾಸ, ಇವೆಲ್ಲ ಒಂದೇ ದಾರದ ಮಣಿಗಳಿರಬಹುದು ಎಂದು ಹೊಳೆಯುವುದು ತಡವಾಗಿ.

ಲೂಪಸ್ ಇರುವವರಲ್ಲಿ 100ಕ್ಕೆ ಸುಮಾರು 10ರಿಂದ 20 ಮಂದಿಗೆ ರೋಗ ಆರಂಭವಾಗುವುದು 18 ವರ್ಷ ತುಂಬುವ ಮೊದಲೇ. ಹುಡುಗಿಯರಲ್ಲಿ ಹೆಚ್ಚು, ಅದರಲ್ಲೂ ಮೈನೆರೆಯುವ ವಯಸ್ಸಿನ ಆಸುಪಾಸಿನಲ್ಲಿ. ಮಕ್ಕಳಲ್ಲಿ ರೋಗ ದೊಡ್ಡವರಿಗಿಂತ ತೀವ್ರವಾಗಿರುವುದು, ಮೂತ್ರಪಿಂಡಗಳನ್ನು ಹಿಡಿಯುವುದು ಸಾಮಾನ್ಯ. ಇದು ಅಂಟುರೋಗವಲ್ಲ. ಜೊತೆಯಲ್ಲಿ ಕೂತು ಉಂಡರೆ, ಕೈ ಹಿಡಿದು ಆಡಿದರೆ ಯಾರಿಗೂ ಬರುವುದಿಲ್ಲ.

ಒಂದು ಕಾಲಕ್ಕೆ ಇದು ಹೆಚ್ಚುಕಡಿಮೆ ಮರಣಶಾಸನವೇ ಆಗಿತ್ತು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಮಾಲ್ಕಮ್ ಹಾರ್‌ಗ್ರೇವ್ಸ್ ಮತ್ತು ಸಂಗಡಿಗರು 'ಎಲ್.ಇ. ಕೋಶ'ವನ್ನು ಗುರುತಿಸಿದ ಮೇಲೆ ರೋಗವನ್ನು ಪ್ರಯೋಗಾಲಯದಲ್ಲಿ ಪತ್ತೆ ಹಚ್ಚುವ ದಾರಿ ತೆರೆಯಿತು. ಅದೇ ವರ್ಷ, ಅದೇ ಸಂಸ್ಥೆಯಲ್ಲಿ ಫಿಲಿಪ್ ಹೆಂಚ್ ಕೀಲುವಾತದ ರೋಗಿಯೊಬ್ಬರಿಗೆ ಮೊದಲ ಬಾರಿಗೆ ಕಾರ್ಟಿಸೋನ್ ಕೊಟ್ಟರು. 1950ರಲ್ಲಿ ಅವರಿಗೆ ಕೆಂಡಾಲ್ ಮತ್ತು ರೈಖ್‌ಸ್ಟೈನ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಬಂತು. ಆದರೂ 1950ರ ದಶಕದ ಮಧ್ಯದಲ್ಲಿ, ರೋಗ ಪತ್ತೆಯಾದ ನಾಲ್ಕು ವರ್ಷಗಳ ನಂತರ ಬದುಕಿರುತ್ತಿದ್ದವರು ಸುಮಾರು ಅರ್ಧದಷ್ಟು ಜನ ಮಾತ್ರ. ಈಗ ಒಳ್ಳೆಯ ಚಿಕಿತ್ಸೆ ಸಿಗುವಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು ಮಕ್ಕಳು ಹತ್ತು ವರ್ಷ ದಾಟುತ್ತಾರೆ. ಹಾಗಾಗಿಯೇ ಈಗ ಹೊಸ ಪ್ರಶ್ನೆ ಎದ್ದಿದೆ. ಬದುಕುಳಿದ ಮಗು ಓಡಿಯಾಡುತ್ತ ಬೆಳೆಯಬೇಕೋ, ಮೂಲೆಯಲ್ಲಿ ಕೂತು ಬೆಳೆಯಬೇಕೋ?

ಬಲ ಎಲ್ಲಿ ಹೋಯಿತು?

ಲೂಪಸ್ ಇರುವ ಮಕ್ಕಳನ್ನು ಪರೀಕ್ಷಿಸಿ ನೋಡಿದಾಗ ಅವರ ಸ್ನಾಯುಬಲ ಮತ್ತು ದಮ್ಮು, ಎರಡೂ ಅದೇ ವಯಸ್ಸಿನ ಆರೋಗ್ಯವಂತ ಮಕ್ಕಳಿಗಿಂತ ಕಡಿಮೆ ಇರುವುದು ಕಂಡುಬಂದಿದೆ. ರೋಗ ಹತೋಟಿಗೆ ಬಂದ ಮೇಲೂ ಈ ಕೊರತೆ ಉಳಿಯುತ್ತದೆ. ಇದಕ್ಕೆ ಕಾರಣ ಒಂದಲ್ಲ, ನಾಲ್ಕು.

ಮೊದಲನೆಯದು ರೋಗವೇ. ಕೀಲು ಬಾತು ನೋಯುವಾಗ ಅದರ ಸುತ್ತಲ ಸ್ನಾಯು ತಾನಾಗಿ ಕೆಲಸ ಕಡಿಮೆ ಮಾಡುತ್ತದೆ. ಕೆಲವರಲ್ಲಿ ಸ್ನಾಯುವಿನೊಳಗೇ ಉರಿಯೂತ ಆಗುತ್ತದೆ. ಎರಡನೆಯದು ರಕ್ತಹೀನತೆ. ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆಯಾದರೆ ಸ್ನಾಯುವಿಗೆ ಆಮ್ಲಜನಕ ಸಾಲದು. ಮೂತ್ರಪಿಂಡ ಸೋರುತ್ತಿದ್ದರೆ ಪ್ರೋಟೀನೂ ನಷ್ಟವಾಗುತ್ತದೆ.

ಮೂರನೆಯದು ಔಷಧಿಯ ಬೆಲೆ. ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ಗುಳಿಗೆ ಉರಿಯೂತವನ್ನು ಆರಿಸುತ್ತದೆ, ಜೀವ ಉಳಿಸುತ್ತದೆ. ಆದರೆ ದೊಡ್ಡ ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಿದರೆ ಸ್ನಾಯುವಿನ ಪ್ರೋಟೀನನ್ನು ಕರಗಿಸುತ್ತದೆ. ಸ್ನಾಯುವಿನಲ್ಲಿ ನಿಧಾನವಾಗಿ ಬಹಳ ಹೊತ್ತು ದುಡಿಯುವ ಎಳೆಗಳೂ ಇವೆ, ಗಕ್ಕನೆ ಬಲ ಹಾಕುವ ಎಳೆಗಳೂ ಇವೆ. ಸ್ಟೀರಾಯ್ಡ್ ಸೊರಗಿಸುವುದು ಹೆಚ್ಚಾಗಿ ಎರಡನೆಯ ಬಗೆಯವನ್ನು, ಅದರಲ್ಲೂ ಸೊಂಟ ಮತ್ತು ಭುಜದ ಸುತ್ತಲಿನ ದೊಡ್ಡ ಸ್ನಾಯುಗಳಲ್ಲಿ. ಆದ್ದರಿಂದಲೇ ಪೆನ್ನು ಹಿಡಿಯಲು ತೊಂದರೆ ಇಲ್ಲದ ಮಗುವಿಗೆ ನೆಲದಿಂದ ಏಳಲು ತೊಂದರೆ. ಸ್ನಾಯುವಿನ ಉರಿಯೂತದಲ್ಲಿ ರಕ್ತದಲ್ಲಿನ 'ಸಿ.ಕೆ.' ಎಂಬ ಕಿಣ್ವ ಸಾಮಾನ್ಯವಾಗಿ ಏರುತ್ತದೆ, ಸ್ಟೀರಾಯ್ಡ್‌ನಿಂದಾದ ನಿಶ್ಶಕ್ತಿಯಲ್ಲಿ ಏರುವುದಿಲ್ಲ. ವೈದ್ಯರು ಎರಡನ್ನೂ ಬೇರ್ಪಡಿಸಲು ಈ ಪರೀಕ್ಷೆಯನ್ನು ಬಳಸುತ್ತಾರೆ.

ಇಲ್ಲೊಂದು ಎಚ್ಚರಿಕೆಯ ಮಾತು. ಇದನ್ನು ಓದಿ ಯಾವ ಪಾಲಕರೂ ಸ್ಟೀರಾಯ್ಡ್ ಗುಳಿಗೆಯನ್ನು ತಾವಾಗಿ ನಿಲ್ಲಿಸಬಾರದು. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿರುವಾಗ, ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ತಮ್ಮ ಸ್ವಂತ ಉತ್ಪಾದನೆ ನಿಲ್ಲಿಸಿ ಮಲಗಿರುತ್ತವೆ. ಗುಳಿಗೆ ಥಟ್ಟನೆ ನಿಂತರೆ ಅವು ಥಟ್ಟನೆ ಎಚ್ಚರಗೊಳ್ಳಲಾರವು. ರಕ್ತದ ಒತ್ತಡ ಕುಸಿದು ಪ್ರಾಣಕ್ಕೇ ಅಪಾಯ. ಪ್ರಮಾಣವನ್ನು ವೈದ್ಯರೇ ಹಂತ ಹಂತವಾಗಿ ಇಳಿಸಬೇಕು.

ನಾಲ್ಕನೆಯ ಕಾರಣ ಕೂರುವುದು. ಬಹುಶಃ ಇದೊಂದೇ ಮನೆಯವರ ಕೈಯಲ್ಲಿರುವ ಕಾರಣ.

ಪ್ರೀತಿಯಿಂದ ಕೂರಿಸಿದ್ದು

ಹೊಸಪೇಟೆ-ಬಳ್ಳಾರಿ ರಸ್ತೆಯ ಪಾಪಿನಾಯಕನಹಳ್ಳಿಯಂಥ ಊರಿನಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳಿಗೆ ಲೂಪಸ್ ಎಂದು ಗೊತ್ತಾಯಿತು ಎಂದಿಟ್ಟುಕೊಳ್ಳಿ. ಆಸ್ಪತ್ರೆಯಿಂದ ಬಂದ ಮೇಲೆ ತಾಯಿ ಕೊಡ ಎತ್ತಲು ಬಿಡುವುದಿಲ್ಲ. ಕಸ ಗುಡಿಸಲು ಬಿಡುವುದಿಲ್ಲ. ಅಣ್ಣ ಬೈಕಿನಲ್ಲಿ ಶಾಲೆಗೆ ಬಿಡುತ್ತಾನೆ. ಡ್ರಿಲ್ ಪಿರಿಯಡ್‌ನಲ್ಲಿ ಮೇಷ್ಟ್ರು 'ನೀನು ಕೂತ್ಕೊಳ್ಳಮ್ಮ, ಪಾಪ' ಎನ್ನುತ್ತಾರೆ. ಎಲ್ಲರದೂ ಪ್ರೀತಿಯೇ. ಆರು ತಿಂಗಳಲ್ಲಿ ರಕ್ತದ ವರದಿಗಳು ಸುಧಾರಿಸುತ್ತವೆ, ಆದರೆ ಹುಡುಗಿ ಮಾಳಿಗೆಯ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾಳೆ. ಏದುಸಿರು ಕಂಡ ಮನೆಯವರು ಇನ್ನಷ್ಟು ಕೂರಿಸುತ್ತಾರೆ. ಕೂತಷ್ಟೂ ಬಲ ಕುಗ್ಗುತ್ತದೆ, ಬಲ ಕುಗ್ಗಿದಷ್ಟೂ ಆಯಾಸ ಹೆಚ್ಚುತ್ತದೆ.

ಸ್ನಾಯುವಿನ ಸ್ವಭಾವವೇ ಹಾಗೆ. ಕೆಲಸವಿಲ್ಲದ ಸ್ನಾಯುವನ್ನು ದೇಹ ಸಾಕುವುದಿಲ್ಲ. ಕೈ ಮುರಿದು ಹಿಟ್ಟಿನ ಪಟ್ಟಿ ಹಾಕಿಸಿಕೊಂಡವರು ಆರು ವಾರದ ನಂತರ ಪಟ್ಟಿ ಬಿಚ್ಚಿದಾಗ ತೋಳು ಎಷ್ಟು ಸಣಕಲಾಗಿರುತ್ತದೆ ಎಂಬುದನ್ನು ನೋಡಿಯೇ ಇರುತ್ತಾರೆ. ಬಾಹ್ಯಾಕಾಶ ನಿಲ್ದಾಣದಲ್ಲಿ ತೂಕವಿಲ್ಲದೆ ತೇಲುವ ಗಗನಯಾತ್ರಿಗಳು ಸ್ನಾಯು ಮತ್ತು ಮೂಳೆ ಸವೆಯದಂತೆ ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಮಾಡಲೇಬೇಕು. ಮಂಚದ ಮೇಲೆ ತಿಂಗಳುಗಟ್ಟಲೆ ಇರುವ ಮಗುವಿನ ಕಾಲಿನ ಸ್ಥಿತಿಯೂ ಅದಕ್ಕಿಂತ ಬಹಳ ಬೇರೆಯಲ್ಲ.

ಮೂಳೆಯ ಮಾತು ಇನ್ನೂ ಗಂಭೀರ. ಜೀವಮಾನವಿಡೀ ಸಾಕಾಗಬೇಕಾದ ಮೂಳೆಯ ಬಹುಪಾಲು ಹದಿನೆಂಟು ಇಪ್ಪತ್ತರ ವಯಸ್ಸಿನೊಳಗೆ ಜಮಾ ಆಗುತ್ತದೆ. ಸ್ನಾಯು ಎಳೆದಷ್ಟೂ ಮೂಳೆ ಗಟ್ಟಿಯಾಗುತ್ತದೆ. ಒಂದು ಕಡೆ ಸ್ಟೀರಾಯ್ಡ್ ಮೂಳೆಯನ್ನು ತೆಳುವಾಗಿಸುತ್ತಿದ್ದರೆ, ಇನ್ನೊಂದು ಕಡೆ ಚಟುವಟಿಕೆಯೂ ನಿಂತರೆ ಆ ಖಾತೆಗೆ ಜಮಾ ಆಗುವುದು ಯಾವಾಗ? ಹೃದಯದ ರಕ್ತನಾಳಗಳು ಬೇಗ ಗಡುಸಾಗುವ ಅಪಾಯವೂ ಲೂಪಸ್‌ನಲ್ಲಿ ಉಂಟು. ಅದನ್ನು ತಗ್ಗಿಸುವುದಕ್ಕೂ ನಡಿಗೆ, ಓಟ, ಆಟ ಬೇಕು.

ವ್ಯಾಯಾಮದಿಂದ ರೋಗ ಕೆರಳುವುದಿಲ್ಲವೆ? ಪಾಲಕರ ಈ ಭಯ ಸಹಜ. ಬ್ರೆಜಿಲ್ ದೇಶದ ಸಾವೊ ಪಾಲೊದಲ್ಲಿ ಲೂಪಸ್ ಇರುವ ಮಕ್ಕಳ ಒಂದು ಗುಂಪಿಗೆ ಮೂರು ತಿಂಗಳು ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಮಾಡಿಸಿ ನೋಡಿದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮಕ್ಕಳ ದಮ್ಮು ಸುಧಾರಿಸಿತು, ರೋಗ ಕೆರಳಲಿಲ್ಲ. ಗುಂಪು ಚಿಕ್ಕದು, ರೋಗ ಶಾಂತವಾಗಿದ್ದ ಮಕ್ಕಳು, ನಿಜ. ಆದರೆ ದಿಕ್ಕು ಸ್ಪಷ್ಟ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಸಬೇಕು, ವಾರಕ್ಕೆ ಕನಿಷ್ಠ 3 ದಿನ ಸ್ನಾಯು ಮತ್ತು ಮೂಳೆಗೆ ಬಲ ಕೊಡುವ ಆಟವಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಲೂಪಸ್ ಇರುವ ಮಗು ಮೊದಲ ದಿನವೇ ಅಲ್ಲಿಗೆ ತಲುಪಬೇಕಿಲ್ಲ, ಆ ಕಡೆ ಮುಖ ಮಾಡಿ ನಡೆದರೆ ಸಾಕು.

ಬಿಸಿಲೂರಿನ ಲೆಕ್ಕ

ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆಯಲ್ಲಿ ಇದಕ್ಕೊಂದು ಹೆಚ್ಚಿನ ತೊಡಕಿದೆ. ಅದು ಬಿಸಿಲು. ಸೂರ್ಯನ ಅತಿನೇರಳೆ ಕಿರಣಗಳು ಚರ್ಮದ ಜೀವಕೋಶಗಳನ್ನು ಹಾಳು ಮಾಡುತ್ತವೆ. ಆಗ ಕೋಶಕೇಂದ್ರದ ವಸ್ತುಗಳು ಹೊರಬಿದ್ದು, ಮೊದಲೇ ದಾರಿ ತಪ್ಪಿದ ರಕ್ಷಣಾ ವ್ಯವಸ್ಥೆಗೆ ಮತ್ತಷ್ಟು ಗುರಿ ಸಿಗುತ್ತದೆ. ಬಿಸಿಲಿನಲ್ಲಿ ಒಂದು ದಿನ ಆಡಿದ್ದಕ್ಕೆ ಜ್ವರ, ಕೀಲುನೋವು, ಮುಖದ ಕಲೆ ಎಲ್ಲ ಒಟ್ಟಿಗೆ ಮರಳಬಹುದು. ಹಾಗಾದಾಗ ಮನೆಯವರು ತಪ್ಪನ್ನು ಆಟದ ಮೇಲೆ ಹಾಕುತ್ತಾರೆ. ಆಟದ್ದು ತಪ್ಪಲ್ಲ, ಹೊತ್ತಿನದು.

ಆದ್ದರಿಂದ ಆಟಕ್ಕೆ ಹೊತ್ತು ಆರಿಸಿಕೊಳ್ಳಬೇಕು. ಬೆಳಿಗ್ಗೆ ಸೂರ್ಯ ಮೇಲೇರುವ ಮೊದಲು, ಸಂಜೆ ಮುಳುಗಿದ ಮೇಲೆ. ಹತ್ತರಿಂದ ನಾಲ್ಕರವರೆಗೆ ಬಯಲು ಬೇಡ. ಮೋಡವಿದ್ದರೂ ಅತಿನೇರಳೆ ಕಿರಣ ಇಳಿಯುತ್ತದೆ ಎಂಬುದನ್ನು ಮರೆಯಬಾರದು. ತುಂಬುತೋಳಿನ ದಟ್ಟ ಹತ್ತಿಬಟ್ಟೆ, ಅಗಲ ಅಂಚಿನ ಟೋಪಿ ಅಥವಾ ಕೊಡೆ, ವೈದ್ಯರು ಹೇಳಿದ ಸನ್‌ಸ್ಕ್ರೀನ್, ಇವು ಈ ಮಗುವಿಗೆ ಔಷಧಿಯಷ್ಟೇ ಮುಖ್ಯ. ಬಿಸಿಲು ತಪ್ಪಿಸಿದರೆ ಚರ್ಮದಲ್ಲಿ 'ಡಿ' ಜೀವಸತ್ವ ತಯಾರಾಗುವುದೂ ತಪ್ಪುತ್ತದೆ. ಅದರ ಕೊರತೆಯಿಂದ ಸ್ನಾಯು ಇನ್ನಷ್ಟು ಸೋಲುತ್ತದೆ. ಅದಕ್ಕಾಗಿ ವೈದ್ಯರು 'ಡಿ' ಜೀವಸತ್ವ, ಸುಣ್ಣದಂಶದ ಗುಳಿಗೆಗಳನ್ನು ಬರೆದುಕೊಡುತ್ತಾರೆ. ಅವು 'ಶಕ್ತಿ ಗುಳಿಗೆ, ಇದ್ದರೂ ಆಯಿತು ಇಲ್ಲದಿದ್ದರೂ ಆಯಿತು' ಎಂದು ಬಿಡುವಂಥವಲ್ಲ.

ಅದಿರಿನ ಲಾರಿಗಳು ಓಡುವ ಹೆದ್ದಾರಿಯ ಪಕ್ಕ ನಡೆಯುವುದಕ್ಕಿಂತ ಊರೊಳಗಿನ ಓಣಿ, ಶಾಲೆಯ ವರಾಂಡ, ಗುಡಿಯ ಅಂಗಳ ಒಳ್ಳೆಯದು. ದೂಳಿಗೂ ಲೂಪಸ್‌ಗೂ ಸಂಬಂಧವಿದೆಯೆ ಎಂದು ಈ ಭಾಗದ ಪಾಲಕರು ಕೇಳಬಹುದು. ಕಲ್ಲು ಕೊರೆಯುವ, ಒಡೆಯುವ ಕೆಲಸದಲ್ಲಿ ವರ್ಷಗಟ್ಟಲೆ ಸಿಲಿಕಾ ದೂಳು ಉಸಿರಾಡಿದ ದೊಡ್ಡವರಲ್ಲಿ ಲೂಪಸ್ ಸಾಧ್ಯತೆ ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ಅದರಿಂದ ಒಂದು ಮಗುವಿನ ರೋಗಕ್ಕೆ ಊರಿನ ದೂಳೇ ಕಾರಣ ಎಂದು ಹೇಳಲಾಗದು. ಉಸಿರಿನ ಆರೋಗ್ಯಕ್ಕಾಗಿಯಾದರೂ ದೂಳು ತಪ್ಪಿಸುವುದು ಜಾಣತನ.

ಎಷ್ಟು, ಹೇಗೆ?

ಮೊದಲು ವೈದ್ಯರ ಒಪ್ಪಿಗೆ ಬೇಕು. ರಕ್ತದೊತ್ತಡ, ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಮೂತ್ರಪಿಂಡ, ಹೃದಯ, ಇವುಗಳ ಸ್ಥಿತಿ ನೋಡಿ ಅವರು ಹೇಳುತ್ತಾರೆ. ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಅಥವಾ ರಕ್ತ ತೆಳುವಾಗಿಸುವ ಔಷಧಿ ನಡೆದಿದ್ದರೆ ಕಬಡ್ಡಿಯಂಥ ಮೈಮೇಲೆ ಬೀಳುವ ಆಟ ಬೇಡ.

ಒಪ್ಪಿಗೆ ಸಿಕ್ಕ ಮೇಲೆ ಸಣ್ಣದಾಗಿ ಆರಂಭ. ದಿನಕ್ಕೆ ಎರಡು ಸಲ ಹತ್ತು ಹತ್ತು ನಿಮಿಷ ನಡಿಗೆ. ಪ್ರತಿ ವಾರ ಎರಡು ಮೂರು ನಿಮಿಷ ಸೇರಿಸುತ್ತ ಹೋಗುವುದು. ವೇಗ ಎಷ್ಟಿರಬೇಕು? ನಡೆಯುತ್ತ ಮಾತನಾಡಲು ಬರಬೇಕು, ಹಾಡಲು ಬರಬಾರದು. ಇದಕ್ಕೆ ಯಾವ ಯಂತ್ರವೂ ಬೇಡ.

ಬಲಕ್ಕಾಗಿ ವಾರಕ್ಕೆ ಎರಡು ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು: ಕುರ್ಚಿಯಿಂದ ಕೈ ಊರದೆ ಏಳುವುದು ಕೂರುವುದು, ಗೋಡೆಗೆ ಅಂಗೈ ಕೊಟ್ಟು ತಳ್ಳುವುದು, ಬೆರಳ ತುದಿಯಲ್ಲಿ ನಿಂತು ಹಿಮ್ಮಡಿ ಎತ್ತುವುದು. ಒಂದೊಂದೂ ಐದಾರು ಸಲದಿಂದ ಶುರು. ಮೈ ಬಾಗಿಸುವ ಸರಳ ಯೋಗಾಸನಗಳೂ ಆದೀತು. ಮಗುವಿಗೆ ಬೇಸರ ಬಂದರೆ ಇವನ್ನೇ ಆಟ ಮಾಡಬೇಕು. ನೆರಳಿನಲ್ಲಿ ಕುಂಟೆಬಿಲ್ಲೆ, ಚೆಂಡಾಟ, ರೋಗ ಶಾಂತವಿದ್ದು ಮೂಳೆ ಗಟ್ಟಿ ಇದ್ದರೆ ಹಗ್ಗದಾಟ. ಮನೆಯ ಕೆಲಸವೂ ವ್ಯಾಯಾಮವೇ. ಕಸ ಗುಡಿಸಲಿ, ಅರ್ಧ ಕೊಡ ನೀರು ತರಲಿ.

ಹಿಮ್ಮಡಿ ಎತ್ತಿದ ನೋವು ಅರ್ಧ ಗಂಟೆಯಲ್ಲಿ ಹೋದರೆ ಚಿಂತೆಯಿಲ್ಲ. ಎರಡು ಗಂಟೆ ದಾಟಿದರೂ ಉಳಿದರೆ ಅಥವಾ ಮರುದಿನ ಕೀಲು ಬಾತರೆ ಅಂದು ಹೆಚ್ಚಾಯಿತು ಎಂದರ್ಥ. ಮುಂದಿನ ಸಲ ಕಡಿಮೆ ಮಾಡಬೇಕು, ಪೂರ್ತಿ ಬಿಡಬಾರದು.

ವಿದ್ಯಾರ್ಥಿಗಳಿಗೆ ಇದರಲ್ಲೊಂದು ಪ್ರಯೋಗವಿದೆ. ಗಡಿಯಾರ ನೋಡಿಕೊಂಡು 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರಲಾಯಿತು ಎಂದು ಎಣಿಸಿ, ವಾರಕ್ಕೊಮ್ಮೆ ಗ್ರಾಫ್ ಕಾಗದದ ಮೇಲೆ ಚುಕ್ಕೆ ಇಡಬೇಕು. ಅಡ್ಡ ಅಕ್ಷದಲ್ಲಿ ವಾರ, ಲಂಬ ಅಕ್ಷದಲ್ಲಿ ಸಂಖ್ಯೆ. ಮೊದಲ ವಾರಗಳಲ್ಲಿ ಗೆರೆ ಏರದೇ ಇರಬಹುದು, ಸ್ನಾಯು ಕಟ್ಟಿಕೊಳ್ಳಲು ಕಾಲ ಬೇಕು. ಒಂದೆರಡು ತಿಂಗಳಾದ ಮೇಲೆ ಏರುವ ಆ ಗೆರೆ ಮಗುವಿಗೆ ಕೊಡುವ ಧೈರ್ಯವನ್ನು ಯಾರ ಸಮಾಧಾನದ ಮಾತೂ ಕೊಡಲಾರದು. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಆ ಹಾಳೆಯನ್ನೂ ಒಯ್ಯಬೇಕು. ಗೆರೆ ಕಾರಣವಿಲ್ಲದೆ ಇಳಿಯತೊಡಗಿದರೆ ಅವರಿಗೆ ಅದೊಂದು ಸುಳಿವು.

ಊಟದಲ್ಲಿ ಪ್ರೋಟೀನ್ ಇರಬೇಕು: ಬೇಳೆ, ಮೊಳಕೆಕಾಳು, ಹಾಲು, ತಿನ್ನುವವರಿಗೆ ಮೊಟ್ಟೆ. ಜೋಳದ ರೊಟ್ಟಿ, ಕಾಳುಪಲ್ಯ ಒಳ್ಳೆಯ ಜೋಡಿ. ಸ್ಟೀರಾಯ್ಡ್ ನಡೆದಿರುವಾಗ ಹಸಿವು ಹೆಚ್ಚು, ಮೈ ನೀರು ಹಿಡಿಯುವುದೂ ಹೆಚ್ಚು. ಆದ್ದರಿಂದ ಉಪ್ಪಿನಕಾಯಿ, ಹಪ್ಪಳ, ಸಂಜೆಯ ಒಗ್ಗಾಣಿ ಮಿರ್ಚಿಗೆ ಕಡಿವಾಣ ಇರಲಿ. ಮೂತ್ರಪಿಂಡಕ್ಕೆ ತೊಂದರೆ ಇದ್ದರೆ ಪ್ರೋಟೀನ್ ಎಷ್ಟು ಎಂಬುದನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಯಾವಾಗ ನಿಲ್ಲಿಸಬೇಕು?

ಜ್ವರ, ಎದೆನೋವು, ಉಸಿರು ಕಟ್ಟುವುದು, ತಲೆಸುತ್ತು, ಕೀಲು ಕೆಂಪಾಗಿ ಬಾಯುವುದು, ಕಾಲು ಬಾವು, ಮೂತ್ರ ನೊರೆ ನೊರೆಯಾಗಿ ಅಥವಾ ಕೆಂಪಾಗಿ ಹೋಗುವುದು, ಇವು ಕಂಡರೆ ವ್ಯಾಯಾಮ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ರೋಗ ಕೆರಳಿದ ದಿನಗಳಲ್ಲಿ ವಿಶ್ರಾಂತಿ ಬೇಕೇ ಬೇಕು. ಆಗಲೂ ಕೀಲು ಬಿಗಿಯದಂತೆ ಮೆಲ್ಲಗೆ ಆಡಿಸುತ್ತಿರಬೇಕು. ಇನ್ನೊಂದು ವಿಶೇಷ ಲಕ್ಷಣ, ತೊಡೆಸಂದಿ ಅಥವಾ ಸೊಂಟದಲ್ಲಿ ಬಿಡದ ನೋವು, ಕುಂಟು ನಡಿಗೆ. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ತೊಡೆಮೂಳೆಯ ತಲೆಭಾಗಕ್ಕೆ ರಕ್ತ ಸಾಲದೆ ಮೂಳೆ ಕುಸಿಯುವ ಸಾಧ್ಯತೆ ಇದೆ. 'ಉಳುಕಿರಬೇಕು' ಎಂದು ತಿಕ್ಕಿಸದೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಶಾಲೆಗೆ ಹೇಳಬೇಕೆ?

ಹೆಣ್ಣುಮಗು, ನಾಳೆ ಗಂಡು ನೋಡುವಾಗ ಊರ ಬಾಯಿ ಎಂಬ ಅಂಜಿಕೆಯಿಂದ ಎಷ್ಟೋ ಮನೆಗಳು ರೋಗವನ್ನು ಮುಚ್ಚಿಡುತ್ತವೆ. ಆ ಅಂಜಿಕೆ ಹುರುಳಿಲ್ಲದ್ದಲ್ಲ. ಆದರೆ ಶಾಲೆಗೆ ಗೊತ್ತಿಲ್ಲದಿದ್ದರೆ ಆಗುವುದೇನು? ಪ್ರಾರ್ಥನೆಯ ಸಾಲಿನಲ್ಲಿ, ಆಗಸ್ಟ್ 15ರ ಕವಾಯತಿನಲ್ಲಿ ಮಗು ಬಿಸಿಲಿಗೆ ನಿಲ್ಲುತ್ತದೆ. ಟೋಪಿ ಹಾಕಿದ್ದಕ್ಕೆ ಬೈಸಿಕೊಳ್ಳುತ್ತದೆ. ಎರಡನೆಯ ಮಹಡಿಯ ತರಗತಿಗೆ ದಿನಕ್ಕೆ ಆರು ಸಲ ಹತ್ತುತ್ತದೆ. ಊರಿಗೆಲ್ಲ ಸಾರಬೇಕಿಲ್ಲ. ಮುಖ್ಯೋಪಾಧ್ಯಾಯರು, ತರಗತಿಯ ಶಿಕ್ಷಕರು, ದೈಹಿಕ ಶಿಕ್ಷಕರು, ಈ ಮೂವರಿಗೆ ವೈದ್ಯರ ಚೀಟಿಯೊಂದಿಗೆ ಹೇಳಿದರೆ ಸಾಕು.

ದೈಹಿಕ ಶಿಕ್ಷಕರು ಮಾಡಬೇಕಾದದ್ದೂ ಸರಳ. ಮಗುವನ್ನು ಅಂಕ ಬರೆಯಲು ಕೂರಿಸುವುದು ಆಟವಲ್ಲ. ಅದನ್ನು ಮೊದಲ ಪಿರಿಯಡ್‌ಗೆ ಅಥವಾ ವರಾಂಡಕ್ಕೆ ತನ್ನಿ. ಹತ್ತು ನಿಮಿಷ ಆಡಿ ಐದು ನಿಮಿಷ ಕೂರಲು ಬಿಡಿ. ಬೇರೆಯವರೊಂದಿಗೆ ಪಂದ್ಯ ಬೇಡ, ತನ್ನ ಕಳೆದ ವಾರದ ಲೆಕ್ಕದೊಂದಿಗೆ ಇರಲಿ. ಸ್ಟೀರಾಯ್ಡ್‌ನಿಂದ ಮುಖ ಉಬ್ಬಿದ ಮಗುವನ್ನು ಗೆಳೆಯರು ಹಂಗಿಸದಂತೆ ನೋಡಿಕೊಳ್ಳುವುದು ಎಲ್ಲ ಶಿಕ್ಷಕರ ಕೆಲಸ. ಎಷ್ಟೋ ಹುಡುಗಿಯರು ಗುಳಿಗೆಯನ್ನು ಗುಟ್ಟಾಗಿ ಎಸೆಯುವುದು ಈ ಹಂಗಿಗೇ ಬೇಸತ್ತು.

ಎಲ್ಲಿಗೆ ಹೋಗುವುದು?

ಅನುಮಾನ ಬಂದರೆ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗಲೂ ತೋರಿಸಬಹುದು. ರಕ್ತದಲ್ಲಿ 'ಎ.ಎನ್.ಎ.' ಎಂಬ ಪರೀಕ್ಷೆಯಿಂದ ತನಿಖೆ ಆರಂಭವಾಗುತ್ತದೆ. ಅದೊಂದರಿಂದಲೇ ಲೂಪಸ್ ಎಂದು ಹೇಳಲಾಗುವುದಿಲ್ಲ, ಆರೋಗ್ಯವಂತರಲ್ಲೂ ಅದು ಕೆಲವೊಮ್ಮೆ ಕಾಣಿಸುತ್ತದೆ. ಮುಂದಿನ ಪರೀಕ್ಷೆಗೆ ಈ ಭಾಗದವರಿಗೆ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. 1961ರಲ್ಲಿ ಆರಂಭವಾದ ಅದನ್ನು ಜನ ಇನ್ನೂ 'ವಿಮ್ಸ್' ಎಂದೇ ಕರೆಯುತ್ತಾರೆ. ಮಕ್ಕಳ ಕೀಲುವಾತ ತಜ್ಞರ ಸಲಹೆಗೆ ಬೆಂಗಳೂರಿಗೆ ಹೋಗಬೇಕಾದೀತು. 2018ರಿಂದ ಇರುವ ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುತ್ತದೆ ಎಂದು ಸರ್ಕಾರಿ ಆಸ್ಪತ್ರೆಯಲ್ಲೇ ವಿಚಾರಿಸಿ, ಶಿಫಾರಸು ಪತ್ರ ಪಡೆದು ಹೊರಡುವುದು ಒಳ್ಳೆಯದು.

ಆಸ್ಪತ್ರೆಯಲ್ಲಿ ಗುಳಿಗೆ, ರಕ್ತಪರೀಕ್ಷೆಗಳ ಮಾತು ಮುಗಿದ ಮೇಲೆ ಪಾಲಕರು ಇನ್ನೂ ಮೂರು ಪ್ರಶ್ನೆ ಕೇಳಬೇಕು. ನಮ್ಮ ಮಗು ಈಗ ಯಾವ ಆಟ ಆಡಬಹುದು? ಯಾವುದನ್ನು ಆಡಬಾರದು, ಏಕೆ? ಬಲ ಬರಲು ಫಿಸಿಯೋಥೆರಪಿ ವಿಭಾಗಕ್ಕೆ ಒಂದು ಚೀಟಿ ಕೊಡುತ್ತೀರಾ? ನೂಕುನುಗ್ಗಲಿನ ಹೊರರೋಗಿ ವಿಭಾಗದಲ್ಲಿ ಕೇಳದಿದ್ದರೆ ಈ ಮಾತು ಬರದೇ ಹೋಗಬಹುದು. ಮಗುವೂ ಪಕ್ಕದಲ್ಲೇ ಕೂತು ಉತ್ತರ ಕೇಳಿಸಿಕೊಳ್ಳಲಿ. ಆಡಬೇಕಾದದ್ದು ಅದೇ ತಾನೆ.